ಸುಮ್ಮನಿರಬಾರದ ಸಾಫ್ಟ್‌ವೇರ್

ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರ ಕಂಪ್ಯೂಟರಿಗೆ ಸಣ್ಣದೊಂದು ಸಾಫ್ಟ್‌ವೇರ್ ಹಾಕಿಕೊಡಲು ಹೋಗಿದ್ದೆ. ಅವರ ಆರ್ಡರ್‌ಗಳೆಲ್ಲ ಎಲ್ಲೋ ದೂರದ ಬಾಡಿಗೆ ಸರ್ವರ್‌ಗಳಲ್ಲಿದ್ದವು. ಅಲ್ಲಿ ಏನಾದರೂ ಕೆಟ್ಟರೆ ಇದು ಇಲ್ಲಿ ಕೂಗುತ್ತದೆ.

“ಏನೂ ಕೆಟ್ಟಿಲ್ಲಂದ್ರ?” ಸಾಹುಕಾರರು ಕೇಳಿದರು.

“ಸುಮ್ಮನಿರತದ್ರಿ.”

“ಹಂಗ ಬ್ಯಾಡ್ರಿ. ಮಗ್ಗದ ಸಪ್ಪಳ ನಿಂತ್ರ ಎದ್ದು ಓಡೋ ಮಂದಿ ನಾವು.”

ಗೋಡೆಯಾಚೆ ಅವರ ಪವರ್‌ಲೂಮ್‌ಗಳು ಬಡಿಯುತ್ತಿದ್ದವು. ವಾದಿಸಿ ಸೋತು, ಎಲ್ಲ ಸರಿಯಿರುವವರೆಗೂ ಟಕ್ ಟಕ್ ಅನ್ನುವಂತೆ ಮಾಡಿಕೊಟ್ಟೆ.

ವಾಪಸು ಹೊರಟು ಮುಧೋಳದ ಬಸ್ಸಿನಲ್ಲಿದ್ದಾಗ ಅವರದೇ ಫೋನ್. “ಸಪ್ಪಳ ನಿಂತೈತ್ರಿ!”

ತೊಡೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ನೋಡಿದರೆ ಸರ್ವರ್‌ಗಳೆಲ್ಲ ನೆಟ್ಟಗಿದ್ದವು.

“ಕರೆಂಟ್ ಐತೇನ್ರಿ?”

“ಇಲ್ರಿ. ಮಗ್ಗಾನೂ ನಿಂತಾವ, ಅವುಗಳ ಕೂಡ ಇದೂ ನಿಂತೈತಿ. ನಿಮ್ಮದು ಬರೋಬ್ಬರಿ ಐತಿ ಅಂತ ಹೇಳಾಕ ಫೋನ್ ಮಾಡೀನಿ.”

ನನ್ನ ಕೆಲಸವನ್ನು ಫೋನ್ ಮಾಡಿ ಹೊಗಳಿದ ಗಿರಾಕಿ ಇವರೊಬ್ಬರೇ. ಅದೂ ಅದು ಬಂದ್ ಬಿದ್ದಾಗ.