ಗೋಡೆಯ ಮೇಲೆ ಎರಡು ಬಿಳಿ ಚೌಕ

ಕುರುಗೋಡಿನ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ನಿವೃತ್ತನಾಗಿ ಬಳ್ಳಾರಿ ಸೇರಿದರೂ ಹೊತ್ತಿಗೆ ಮೊದಲೇ ತಲುಪುವ ಅಭ್ಯಾಸ ಬಿಟ್ಟಿಲ್ಲ. ಸಿರುಗುಪ್ಪದಲ್ಲಿ ಅಕ್ಕನಿಗೆ ಅವಳ ಮನೆಯಲ್ಲೇ ಸನ್ಮಾನವಿದ್ದ ದಿನವೂ ಹಾಗೆಯೇ ಹೋದೆ.

ಭಾವ ಯುದ್ಧದಲ್ಲಿ ತೀರಿಕೊಂಡವರು. ಗೋಡೆಯಲ್ಲಿ ಅವರ ಫೋಟೋದ ಪಕ್ಕದಲ್ಲಿ, ಆಗ ದೇಶ ಆಳುತ್ತಿದ್ದ ನಾಯಕರ ಫೋಟೋ ಇತ್ತು. ಅದನ್ನು ತೂಗುಹಾಕಿದವರು ಭಾವನ ತಮ್ಮ. ಅವರ ಪಕ್ಷಕ್ಕೆ ಆ ನಾಯಕರು ದೇವರು. ಅಕ್ಕ ದಿನಾ ಇಬ್ಬರಿಗೂ ಒಂದೇ ಊದುಬತ್ತಿ ಬೆಳಗುತ್ತಿದ್ದಳು. ಈಗ ಆ ತಮ್ಮನ ಮಗ ಎದುರು ಪಕ್ಷದಲ್ಲಿದ್ದಾನೆ. ಸನ್ಮಾನವೂ ಆ ಪಕ್ಷದ್ದೇ. ನಾನು ಒಳಗೆ ಹೋದಾಗ ಅವನು ಸ್ಟೂಲ್ ಹತ್ತಿ ನಾಯಕರನ್ನು ಇಳಿಸುತ್ತಿದ್ದ.

“ತಯಾರಿ ಇಲ್ದ ಕಳ್ಸಿ ದೊಡ್ಡಪ್ಪನ್ನ ಕೊಂದಾತ ಇವ. ಇವಗ್ಯಾಕ ಊದಿನಕಡ್ಡಿ, ದೊಡ್ಡಮ್ಮ?”

“ಇದ ಸ್ಟೂಲ್ ಮ್ಯಾಲ ನಿಂತು ನಿಮ್ಮಪ್ಪ ಮೊಳಿ ಹೊಡ್ದಿದ್ನಲೋ.”

“ಅಪ್ಪಗ ಆಗ ತಿಳೀಲಿಲ್ಲ.”

“ನಿನಗ ತಿಳಿದಿದ್ದನ್ನ ನಾಳಿ ನಿನ್ನ ಮಗ ಇಳಸ್ತಾನ ತಗೋ.”

ಅವನು ನಕ್ಕ. ಅಕ್ಕ ನಗಲಿಲ್ಲ. ಗಂಡನ ಫೋಟೋವನ್ನೂ ತಾನೇ ಇಳಿಸಿ, ಎರಡನ್ನೂ ಮುಖಕ್ಕೆ ಮುಖ ಹಚ್ಚಿ ಅಡುಗೆಮನೆಯಲ್ಲಿಟ್ಟು ಬಂದಳು. ಹೊಗೆ ಹಿಡಿದ ಗೋಡೆಯಲ್ಲಿ ಎರಡು ಬಿಳಿ ಚೌಕ ಉಳಿದವು. ಅವು ಖಾಲಿ ಅನ್ನಿಸಲಿಲ್ಲ. ಯಾರೋ ಇಬ್ಬರು ನಮಗೆ ಬೆನ್ನು ಮಾಡಿ ನಿಂತಂತಿತ್ತು. ಅಕ್ಕ ಅವುಗಳ ಕೆಳಗೆ ಕುರ್ಚಿ ಹಾಕಿಕೊಂಡು ಕೂತಳು.

ಅಷ್ಟರಲ್ಲಿ ಪಕ್ಷದವರು ಬಂದರು. ಸತ್ತ ಸೈನಿಕನ ಮನೆಗೆ ಹೋದರೆ ಮೊದಲು ಫೋಟೋಕ್ಕೆ ಹಾರ ಹಾಕುವುದು ರೂಢಿ. ಮುಂದಿದ್ದ ಮುಖಂಡ ಫೋನಿನಲ್ಲಿ ಮಾತಾಡುತ್ತಲೇ ಬಂದು ಫೋಟೋಕ್ಕೆಂದು ತಂದ ಹಾರವನ್ನು ಅಕ್ಕನ ಕೊರಳಿಗೆ ಹಾಕಿ ಕಣ್ಣು ಮುಚ್ಚಿ ಕೈ ಮುಗಿದ. ಇನ್ನೊಬ್ಬ ಅವಳ ಪಾದದ ಬಳಿ ಊದುಬತ್ತಿ ಹಚ್ಚಿಟ್ಟ. ಹಿಂದಿನವರು ನುಗ್ಗತೊಡಗಿದರು.

“ಸಾಲಾಗಿ ಬರ್ರಿ,” ಅಂದುಬಿಟ್ಟೆ.

ಸಾಲಾಗಿಯೇ ಬಂದರು. ಒಬ್ಬೊಬ್ಬರೂ ಪಾದಕ್ಕೆ ಹೂವಿನ ಎಸಳು ಹಾಕಿ ಸರಿದರು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಅವಳಿಗೆಂದು ತಂದ ಶಾಲು ಚೀಲದಲ್ಲೇ ಇತ್ತು. ಹೊಗೆ ಮುಖಕ್ಕೆ ಏರುತ್ತಿದ್ದರೂ ಅವಳು ರೆಪ್ಪೆ ಬಡಿಯಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಹಾರವನ್ನೇ ನೋಡುತ್ತ ನಿಂತೆ.

ಮುಖಂಡ ಭಾಷಣ ಶುರು ಮಾಡಿದ. ಒಬ್ಬ ನಾಯಕನ ತಪ್ಪಿಗೆ ಈ ಮನೆಯ ಗಂಡಸು ಬಲಿಯಾದ ಎಂದ.

“ಹಂಗಾದ್ರ ನನ್ನ ಗಂಡ ಸುಮ್‌ಸುಮ್ನ ಸತ್ತಾನೇನ್ರಿ?”

ಧ್ವನಿ ಎಲ್ಲಿಂದ ಬಂತೆಂದು ತಿಳಿಯದೆ ಆತ ಗೋಡೆಯ ಕಡೆ ನೋಡಿದ. ಆಮೇಲೆ ಕೆಳಗೆ ನೋಡಿ ಹಿಂದೆ ಸರಿದ.

“ದೊಡ್ಡಮ್ಮ, ಏಳು,” ಎಂದ ಭಾವನ ತಮ್ಮನ ಮಗ, ಪಿಸುಮಾತಿನಲ್ಲಿ.

“ಮೊದ್ಲು ಇವ್ರು ಹೇಳ್ಲಿ,” ಅಂದಳು ಅಕ್ಕ.

ಮುಖಂಡ ಚೀಲದಿಂದ ಶಾಲು ತೆಗೆದ. ಅವಳು ಏಳಲಿಲ್ಲ.