ಶಾಲೆಗೆ ಮಕ್ಕಳು ಬರದಿರಲೆಂದು ಹೋರಾಡಿದವರು

ಅಂಧ ಮಕ್ಕಳ ಶಿಕ್ಷಣಕ್ಕೆ ಬದುಕನ್ನೇ ಮುಡಿಪಾಗಿಟ್ಟವರು ನಮ್ಮ ನಡುವೆ ಹಲವರಿದ್ದಾರೆ. ಅವರೆಲ್ಲರಿಗೂ ನನ್ನ ಗೌರವ ಸಲ್ಲುತ್ತದೆ. ಆದರೆ ತಮ್ಮ ಶಾಲೆಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳ್ಳಗಾಗಲಿ ಎಂದು ಬಯಸಿ, ಅದಕ್ಕಾಗಿ ಆಸ್ಪತ್ರೆ, ಕಚೇರಿಗಳ ಮೆಟ್ಟಿಲನ್ನು ಚಪ್ಪಲಿ ಸವೆಯುವಷ್ಟು ಸಲ ಹತ್ತಿಳಿದ ಮುಖ್ಯೋಪಾಧ್ಯಾಯಿನಿಯನ್ನು ನಾನು ಕಂಡದ್ದು ಒಬ್ಬರನ್ನೇ. ಮಕ್ಕಳ ಬಾಯಲ್ಲಿ ಅವರು ‘ದೊಡ್ಡ ಮಿಸ್’. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರಿಗೆ ಅರ್ಪಿಸುವ ಈ ಅಭಿನಂದನಾ ಗ್ರಂಥಕ್ಕೆ ಲೇಖನ ಕೇಳಿದ ಸಂಪಾದಕರು, “ಡಾಕ್ಟ್ರೇ, ಹಳೇ ಜಗಳ ಎಲ್ಲ ಬೇಡ, ನಾಲ್ಕು ಒಳ್ಳೇ ಮಾತು ಬರ್ಕೊಡಿ” ಎಂದರು. ಅವರು ನನ್ನನ್ನು ಮನ್ನಿಸಬೇಕು. ಆ ಜಗಳವನ್ನು ಕೈಬಿಟ್ಟರೆ ದೊಡ್ಡ ಮಿಸ್ ಅವರ ಸೇವೆಯ ಅರ್ಧವನ್ನೇ ಕೈಬಿಟ್ಟಂತೆ.

ಅವರು ಸೇವೆಗೆ ಸೇರಿದಾಗ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ದಡಾರದಿಂದಲೋ ಪೌಷ್ಟಿಕ ಆಹಾರದ ಕೊರತೆಯಿಂದಲೋ ಕಣ್ಣು ಕಳೆದುಕೊಂಡವರು. ಅಂಥ ಮಕ್ಕಳಿಗಾಗಿ ಅವರು ಕಟ್ಟಡದ ಪ್ರತಿ ಮೆಟ್ಟಿಲ ಸಾಲಿನ ಮೇಲ್ತುದಿಯಲ್ಲಿ ಒರಟು ನಾರಿನ ಚಾಪೆ ಹಾಸಿಸಿದರು. ಪಾದಕ್ಕೆ ಚಾಪೆ ತಾಗಿದರೆ ಮುಂದೆ ಇಳಿಯುವ ಮೆಟ್ಟಿಲು ಎಂದು ಮಗುವಿಗೆ ಗೊತ್ತಾಗಬೇಕು. ಹೊಸ ಮಗುವಿನ ತಾಯಿ ಮೊದಲ ಮೂರು ದಿನ ಶಾಲೆಯಲ್ಲೇ ಉಳಿಯುವಂತೆ ನಿಯಮ ಮಾಡಿದರು. ಮುಟ್ಟುವ ಮುಂಚೆ ಮಾತಾಡಿಸಬೇಕು, ಎತ್ತಿಕೊಳ್ಳುವ ಮುಂಚೆ ಹೇಳಬೇಕು ಎಂದು ಆ ತಾಯಂದಿರಿಗೆ ಕಲಿಸಿದರು. ಕ್ರಮೇಣ ಲಸಿಕೆಗಳು ಹಳ್ಳಿಗಳಿಗೂ ತಲುಪಿ, ಆ ಬಗೆಯ ಮಕ್ಕಳ ಸಂಖ್ಯೆ ಇಳಿಯಿತು. ಒಂದು ವರ್ಷವಂತೂ ಒಂದನೇ ತರಗತಿಗೆ ಬಂದದ್ದು ಇಬ್ಬರೇ. ಶಾಲೆಯನ್ನು ಮುಚ್ಚಿಬಿಡುತ್ತಾರೇನೋ ಎಂದು ಸಹೋದ್ಯೋಗಿಗಳು ಆತಂಕಪಟ್ಟರೆ, ಇವರು ಮಾತ್ರ ಅಂದು ಎಲ್ಲರಿಗೂ ಸಿಹಿ ಹಂಚಿದರಂತೆ.

ಹನ್ನೊಂದು ವರ್ಷಗಳ ಹಿಂದಿನ ಜೂನ್‌ನಲ್ಲಿ ಒಂದೇ ವಾರಕ್ಕೆ ಆರು ಮಕ್ಕಳು ಬಂದರು. ದಾಖಲಾತಿಯ ಹೊತ್ತಿಗೆ ತಾಯಂದಿರನ್ನು ಕೂರಿಸಿಕೊಂಡು ಹುಟ್ಟಿನ ವಿವರ ಕೇಳುವುದು ದೊಡ್ಡ ಮಿಸ್ ಅವರ ರೂಢಿ. ಆರೂ ಜನ ಹೇಳಿದ್ದು ಒಂದೇ ಕಥೆ. ಮಗು ಏಳೇಳೂವರೆ ತಿಂಗಳಿಗೇ ಹುಟ್ಟಿತು, ಒಂದೂಕಾಲು ಕಿಲೋ ಇತ್ತು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಆಮ್ಲಜನಕ ಕೊಟ್ಟು ಉಳಿಸಿದರು, ಮಗುವನ್ನು ಕೈಗೆ ಕೊಟ್ಟು ಕಳಿಸಿದರು. ಐದನೇ ತಿಂಗಳಿಗೆ ಕಣ್ಣಿನ ಪಾಪೆ ಬೆಳ್ಳಗೆ ಕಂಡಿತು. ಆರೂ ಮಕ್ಕಳು ಹುಟ್ಟಿದ್ದು ಒಂದೇ ಆಸ್ಪತ್ರೆಯಲ್ಲಿ. ಅದು ನಾನು ಕಣ್ಣಿನ ವೈದ್ಯನಾಗಿ ಕೆಲಸ ಮಾಡುತ್ತಿದ್ದ ಆಸ್ಪತ್ರೆ.

ಓದುಗರಿಗಾಗಿ ಇಲ್ಲಿ ಎರಡು ಮಾತು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಅಳತೆ ಮೀರಿ ಆಮ್ಲಜನಕ ಕೊಟ್ಟರೆ ಆ ಬೆಳವಣಿಗೆ ಕೆಡುತ್ತದೆ; ಆಮೇಲೆ ನಾಳಗಳು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತುಬಿಡಬಹುದು. ಹುಟ್ಟಿದ ಮೂವತ್ತು ದಿನದೊಳಗೆ ಕಣ್ಣಿನ ವೈದ್ಯ ಒಮ್ಮೆ ನೋಡಿದರೆ ರೋಗ ಗೊತ್ತಾಗುತ್ತದೆ. ಎರಡು ಮೂರು ದಿನದಲ್ಲಿ ಲೇಸರ್ ಚಿಕಿತ್ಸೆ ಕೊಟ್ಟರೆ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ. ಇದು ನನ್ನ ಪಠ್ಯಪುಸ್ತಕದಲ್ಲಿತ್ತು. ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ನಾನು ಪಾಸಾಗಿದ್ದೆ.

ದೊಡ್ಡ ಮಿಸ್ ಆಸ್ಪತ್ರೆಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ನಾಲ್ಕನೆಯ ಸಲ ತಾವೇ ಬಂದು ಅಧೀಕ್ಷಕರ ಕೋಣೆಯ ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತರು. ಕಣ್ಣಿನ ವಿಷಯವೆಂದು ನನಗೂ ಕರೆ ಬಂತು. ನಾನು ಹೋಗಿ ಅಧೀಕ್ಷಕರ ಮೇಜಿನ ಪಕ್ಕ ಕೈಕಟ್ಟಿ ನಿಂತೆ. ದೊಡ್ಡ ಮಿಸ್ ಆರು ಮಕ್ಕಳ ಹೆಸರು, ತೂಕ, ಹುಟ್ಟಿದ ದಿನಾಂಕ ಬರೆದಿದ್ದ ಹಾಳೆಯನ್ನು ಮುಂದಿಟ್ಟರು. ಅಧೀಕ್ಷಕರು ಅದರ ಮೇಲೆ ಕಣ್ಣಾಡಿಸಿ ಹೇಳಿದರು: “ಅಮ್ಮಾ, ಇಷ್ಟು ಚಿಕ್ಕ ಮಗು ಜೀವಸಹಿತ ಮನೆಗೆ ಹೋಗಿದ್ದೇ ಹೆಚ್ಚು. ಅದಕ್ಕೆ ಖುಷಿ ಪಡಿ.”

“ಜೀವ ಉಳ್ಸಿದ್ದಕ್ಕೆ ಕೈ ಮುಗಿತೀನಿ ಸಾರ್. ಆದ್ರೆ ಉಳ್ಸಿದ ಮಗೂನ ಯಾಕೆ ಕೈಬಿಟ್ರಿ ಅಂತ ಕೇಳೋಕೆ ಬಂದಿದೀನಿ.”

“ನಿಮ್ಮದು ಪಾಠ ಹೇಳೋ ಕೆಲಸ. ಅದನ್ನ ಚೆನ್ನಾಗಿ ಮಾಡಿ.”

ಆಗ ದೊಡ್ಡ ಮಿಸ್ ನನ್ನ ಕಡೆ ತಿರುಗಿದರು. “ನೀವು ಕಣ್ಣಿನ ಡಾಕ್ಟ್ರಲ್ವಾ? ಆ ಮಕ್ಕಳ ವಾರ್ಡಿಗೆ ಒಂದ್ಸಲನಾದ್ರೂ ಹೋಗಿದೀರಾ?”

ನಾನು ಆ ಆಸ್ಪತ್ರೆಗೆ ಸೇರಿ ನಾಲ್ಕು ವರ್ಷವಾಗಿತ್ತು. ನವಜಾತ ಶಿಶುಗಳ ವಾರ್ಡು ನನ್ನ ಕೋಣೆಯಿಂದ ಒಂದು ಮಹಡಿ ಮೇಲೆ. ಒಮ್ಮೆಯೂ ಹೋಗಿರಲಿಲ್ಲ. ಯಾರೂ ಕರೆದಿರಲಿಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಡಲು ನನಗೇ ನಾಚಿಕೆಯಾಯಿತು. ಅಧೀಕ್ಷಕರೆದುರು ಬೇರೇನನ್ನಾದರೂ ಆಡುವ ಧೈರ್ಯವೂ ಇರಲಿಲ್ಲ. ದೊಡ್ಡ ಮಿಸ್ ಹಾಳೆಯನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಅದೇ ಅಧೀಕ್ಷಕರ ಶುಭಸಂದೇಶ ಈ ಗ್ರಂಥದ ಆರಂಭದ ಪುಟಗಳಲ್ಲಿ ಅಚ್ಚಾಗಿದೆಯೆಂದು ತಿಳಿಯಿತು. ಶಿಶುಗಳ ಕಣ್ಣಿನ ತಪಾಸಣೆಗೆ ‘ನಮ್ಮ ಅವಧಿಯಲ್ಲೇ ಅಡಿಗಲ್ಲು ಹಾಕಿದೆವು’ ಎಂದು ಅವರು ಬರೆದಿದ್ದಾರಂತೆ. ಅಡಿಗಲ್ಲಲ್ಲ, ಅಡ್ಡಗಲ್ಲು. ಸಂಪಾದಕರು ಈ ವಾಕ್ಯವನ್ನು ಕತ್ತರಿಸುವುದಾದರೆ ನನ್ನ ಇಡೀ ಲೇಖನವನ್ನೇ ತೆಗೆದುಹಾಕಲಿ.

ಮರುದಿನ ನಾನು ಮಹಡಿ ಹತ್ತಿದೆ. ಹದಿನೆಂಟು ಮಕ್ಕಳಿಗೆ ಮೂವರು ದಾದಿಯರು. ಸಿಲಿಂಡರಿನಿಂದ ನೇರವಾಗಿ ಮೂಗಿಗೆ ಶುದ್ಧ ಆಮ್ಲಜನಕ. ಅದಕ್ಕೆ ಗಾಳಿ ಬೆರೆಸುವ ಸಾಧನವೇ ಇಲ್ಲ. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ತೋರಿಸುವ ಯಂತ್ರಗಳು ನಾಲ್ಕು. ಎರಡು ಕೆಟ್ಟಿದ್ದವು, ಉಳಿದೆರಡು ಬಡಿದುಕೊಳ್ಳುತ್ತವೆಂದು ಸದ್ದು ಅಡಗಿಸಿಟ್ಟಿದ್ದರು. ಹಿರಿಯ ದಾದಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಂತೂ ಬಂದ್ರಲ್ಲ ಸಾರ್! ಕಣ್ಣಿನ ಡಾಕ್ಟ್ರಿಗೆ ಕಣ್ಣು ತೆರ್ಸೋಕೆ ಕುರುಡ್ರ ಶಾಲೆ ಮಿಸ್ಸೇ ಬರ್ಬೇಕಾಯ್ತು” ಎಂದರು. ನಗು ಬರಲಿಲ್ಲ, ಅವರೂ ನಗಿಸಲು ಹೇಳಿರಲಿಲ್ಲ. ಪ್ರತಿ ಗುರುವಾರ ಮಕ್ಕಳ ಕಣ್ಣು ನೋಡುವುದೆಂದು ನಾವಿಬ್ಬರೂ ಅಲ್ಲೇ ಗೊತ್ತುಮಾಡಿಕೊಂಡೆವು.

ರೋಗ ಕಾಣಲು ಕಣ್ಣು, ಬೆಳಕು, ಮಸೂರ ಸಾಕು. ಗುಣಪಡಿಸಲು ಲೇಸರ್ ಯಂತ್ರ ಬೇಕು. ಅದಕ್ಕಾಗಿ ನಾನು ಬರೆದ ಬೇಡಿಕೆ ಎರಡು ವರ್ಷ ಮೇಜಿನಿಂದ ಮೇಜಿಗೆ ತಿರುಗಿತು. ಆ ಎರಡು ವರ್ಷಗಳಲ್ಲಿ ಒಬ್ಬ ಬಡಗಿಯ ಮಗಳ ಕಣ್ಣಿನಲ್ಲಿ ರೋಗ ಕಂಡೆ. ಇಪ್ಪತ್ತೇಳು ದಿನದ ಕೂಸು. ಮಹಾನಗರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಅಂದೇ ಕಳಿಸಿದೆ. ಬಡಗಿ ಮಗುವನ್ನು ಎದೆಗವಚಿಕೊಂಡು ಹನ್ನೆರಡು ತಾಸು ಬಸ್ಸಿನಲ್ಲಿ ಹೋದ. ಅಲ್ಲಿ, ಲೇಸರ್ ವೈದ್ಯರು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರದ ಹೊತ್ತಿಗೆ ಎರಡೂ ಪರದೆಗಳು ಕಿತ್ತುಬಂದಿದ್ದವು.

ಸುದ್ದಿ ಕೇಳಿ ದೊಡ್ಡ ಮಿಸ್ ನನ್ನ ಕೋಣೆಗೆ ಬಂದರು. ಬೈಯುತ್ತಾರೆಂದು ಕಾದಿದ್ದೆ. ಆ ತಂದೆತಾಯಿಗೆ ನಾನು ಹೇಗೆ ವಿಷಯ ತಿಳಿಸಿದೆ ಎಂದಷ್ಟೇ ಕೇಳಿದರು. ಕಾರಿಡಾರಿನಲ್ಲಿ ನಿಂತೇ ಹೇಳಿದೆನೆಂದು ಒಪ್ಪಿಕೊಂಡೆ. “ಇನ್ಮೇಲೆ ಹಾಗೆ ಮಾಡ್ಬೇಡಿ. ಅವ್ರನ್ನ ಕೂರ್ಸಿ, ನೀವೂ ಕೂತ್ಕೊಳ್ಳಿ. ಫೈಲ್ ಮುಚ್ಚಿಡಿ. ಮಗೂನ ಹೆಸರು ಹಿಡ್ದು ಹೇಳಿ,” ಎಂದರು. ಎಂಟು ವರ್ಷ ವೈದ್ಯಕೀಯ ಓದಿದ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದೆ ಆ ಹುಡುಗಿ ಶಾಲೆಗೆ ಸೇರಿದ ದಿನ ದೊಡ್ಡ ಮಿಸ್ ನನ್ನನ್ನೂ ಕರೆಸಿದರು. ಬಡಗಿ ನನ್ನ ಕೈ ಹಿಡಿದು, “ನೀವೊಬ್ರಾದ್ರೂ ಹೇಳಿದ್ರಲ್ಲ ಸಾರ್” ಎಂದು ಕೃತಜ್ಞತೆ ಹೇಳಿದ. ಆ ಕೃತಜ್ಞತೆಯ ಭಾರ ನನ್ನ ಎದೆಯ ಮೇಲೆ ಇಂದಿಗೂ ಇದೆ.

ಕಡೆಗೆ ಆರೋಗ್ಯ ಇಲಾಖೆಯ ನಿರ್ದೇಶಕರು ಸಭೆ ಕರೆದರು. ದೊಡ್ಡ ಮಿಸ್ ಒಬ್ಬರೇ ಬರಲಿಲ್ಲ; ಆ ಮೊದಲ ಆರು ಮಕ್ಕಳಲ್ಲಿ ಒಬ್ಬನ ತಾಯಿಯನ್ನು, ಬಟ್ಟೆ ಹೊಲಿದು ಜೀವನ ಸಾಗಿಸುವ ಹೆಂಗಸನ್ನು, ಜೊತೆಗೆ ಕರೆತಂದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ನಿರ್ದೇಶಕರು, “ಯಂತ್ರದ ವಿಷಯ ಪರಿಶೀಲನೆಯಲ್ಲಿದೆ, ಸ್ವಲ್ಪ ಸಮಯ ಹಿಡಿಯುತ್ತೆ” ಎಂದರು.

“ಈ ಕಾಯಿಲೆ ಕೊಡೋ ಸಮಯ ಮೂರು ದಿನ ಸಾರ್. ನೀವು ತಗೊಂಡಿರೋದು ಎರಡು ವರ್ಷ” ಎಂದರು ದೊಡ್ಡ ಮಿಸ್.

“ತಾಯಂದಿರೂ ಸ್ವಲ್ಪ ಎಚ್ಚರ ವಹಿಸಬೇಕಮ್ಮ. ಐದು ತಿಂಗಳಾದ ಮೇಲೆ ಕರ್ಕೊಂಡು ಬಂದ್ರೆ ಡಾಕ್ಟ್ರು ಏನು ಮಾಡ್ತಾರೆ?”

ಅದುವರೆಗೆ ತಲೆತಗ್ಗಿಸಿ ಕುಳಿತಿದ್ದ ಆ ಹೆಂಗಸು ಎದ್ದು ನಿಂತಳು. “ಕಣ್ಣು ತೋರ್ಸು ಅಂತ ನಂಗ್ಯಾರು ಹೇಳಿದ್ರು ಸಾರ್? ಹಾಲು ಕುಡ್ಸು ಅಂದ್ರು, ಕುಡ್ಸಿದೆ. ಬೆಚ್ಚಗಿಡು ಅಂದ್ರು, ಹಗಲೂ ರಾತ್ರಿ ಎದೆ ಮೇಲೆ ಮಲಗಿಸ್ಕೊಂಡೆ. ಲಸಿಕೆ ಒಂದೂ ತಪ್ಪಿಸ್ಲಿಲ್ಲ. ಕಣ್ಣಿನ ಮಾತು ಒಂದೇ ಒಂದು ಹೇಳಿದ್ರೆ ನಾನು ನಡ್ಕೊಂಡಾದ್ರೂ ಬರ್ತಿದ್ನಲ್ಲ.” ಅಷ್ಟು ಹೇಳಿ ಕುಳಿತಳು. ದೊಡ್ಡ ಮಿಸ್ ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, ನಿರ್ದೇಶಕರನ್ನು ನೇರವಾಗಿ ನೋಡುತ್ತ ಉತ್ತರಕ್ಕಾಗಿ ಕಾದರು. ನಾಲ್ಕು ತಿಂಗಳಲ್ಲಿ ಯಂತ್ರ ಬಂತು. ಗಾಳಿ ಬೆರೆಸುವ ಸಾಧನಗಳೂ ಬಂದವು.

ಅಂದಿನಿಂದ ನಮ್ಮ ವಾರ್ಡಿನಲ್ಲಿ ಇನ್ನೂರ ಹನ್ನೆರಡು ಶಿಶುಗಳಿಗೆ ಲೇಸರ್ ಕೊಟ್ಟಿದ್ದೇವೆ. ಅವರಲ್ಲಿ ಶಾಲೆಯ ವಯಸ್ಸಿಗೆ ಬಂದ ಹೆಚ್ಚಿನವರು ಇಂದು ಬೇರೆ ಬೇರೆ ಶಾಲೆಗಳ ಕರಿಹಲಗೆ ನೋಡಿ ಬರೆಯುತ್ತಿದ್ದಾರೆ. ದೊಡ್ಡ ಮಿಸ್ ಯಾರೆಂದು ಅವರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಾಗಬೇಕೆಂಬ ಆಸೆ ದೊಡ್ಡ ಮಿಸ್ ಅವರಿಗೂ ಇಲ್ಲ.

ಇಲ್ಲಿಗೆ ಮುಗಿಸಿದ್ದರೆ ಸಂಪಾದಕರಿಗೆ ಸಮಾಧಾನವಾಗುತ್ತಿತ್ತು. ಆದರೆ ಈ ಜೂನ್‌ನಲ್ಲಿ, ಅವರ ಸೇವೆಯ ಕಟ್ಟಕಡೆಯ ದಾಖಲಾತಿಗೆ, ನಾಲ್ಕು ವರ್ಷದ ಒಂದು ಹೆಣ್ಣುಮಗು ಬಂತು. “ಇನ್ನೂ ಒಂದು ಬಂತು ಡಾಕ್ಟ್ರೇ” ಎಂದು ಅವರು ಫೋನಿನಲ್ಲಿ ಹೇಳಿದರು. ದಿನ ತುಂಬದ ಆ ಮಗು ಹುಟ್ಟಿದ್ದು ನಾಲ್ಕು ಮಹಡಿಯ ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಒಳಹೋಗುತ್ತಿದ್ದಂತೆ ಬಣ್ಣದ ಮೀನುಗಳ ಗಾಜಿನ ತೊಟ್ಟಿ, ಪ್ರತಿ ಮಹಡಿಯಲ್ಲೂ ಹೊಳೆಯುವ ನೆಲ. ನಾನು ವಿಚಾರಿಸಿದಾಗ, “ಕಣ್ಣು ತೋರಿಸಿ ಅಂತ ಡಿಸ್ಚಾರ್ಜ್ ಪತ್ರದಲ್ಲಿ ಬರೆದಿದ್ದೀವಲ್ಲ” ಎಂದರು. ಬರೆದಿದ್ದರು. ಮೂರನೆಯ ಪುಟದ ಕೊನೆಗೆ, ಚಿಕ್ಕಕ್ಷರದಲ್ಲಿ, ಆ ತಂದೆತಾಯಿಗೆ ಓದಲು ಬಾರದ ಭಾಷೆಯಲ್ಲಿ. ಹೀಗೆ ಬರೆದವರಿಗೆ ಆ ಒಂದು ಸಾಲನ್ನು ಬಾಯಿಬಿಟ್ಟು ಹೇಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು? ಈ ಪ್ರಶ್ನೆಗೆ ಉತ್ತರವಿಲ್ಲದೆ ನಾನು ಯಾವ ವೈದ್ಯಕೀಯ ಪ್ರಗತಿಯ ಭಾಷಣವನ್ನೂ ಇನ್ನು ಕೇಳಲಾರೆ.

ನಿವೃತ್ತರಿಗೆ ವಿಶ್ರಾಂತಿಯನ್ನು ಹಾರೈಸುವುದು ವಾಡಿಕೆ. ದೊಡ್ಡ ಮಿಸ್ ಅವರಿಗೆ ನಾನು ಅದನ್ನು ಹಾರೈಸುವುದಿಲ್ಲ. ಹಾರೈಸಿದರೂ ಅವರು ತೆಗೆದುಕೊಳ್ಳುವವರಲ್ಲ. ಅವರ ಆಯುಷ್ಯ ನೂರು ತುಂಬಲಿ, ಮಂಡಿಗಳಲ್ಲಿ ಮೆಟ್ಟಿಲು ಹತ್ತುವ ಬಲ ಉಳಿಯಲಿ, ದನಿ ಕುಗ್ಗದಿರಲಿ, ಸಿಟ್ಟು ತಣ್ಣಗಾಗದಿರಲಿ. ಊರಿನಲ್ಲಿ ಅವಧಿಪೂರ್ವ ಶಿಶುಗಳನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮುಗಳು ಹದಿನಾಲ್ಕು ಇವೆಯೆಂದು ಅವರು ಆಗಲೇ ಪಟ್ಟಿ ಮಾಡಿದ್ದಾರೆ. ಮೀನಿನ ತೊಟ್ಟಿಯ ಆ ನರ್ಸಿಂಗ್ ಹೋಮಿನ ಮಾಲೀಕರನ್ನು ಸೋಮವಾರ ಬೆಳಗ್ಗೆ ಹತ್ತಕ್ಕೆ ಕಾಣಬೇಕೆಂದು ಸಮಯ ಕೇಳಿದ್ದರು. ಮಾಲೀಕರು ಬಿಡುವಿಲ್ಲವೆಂದು ಹೇಳಿಕಳಿಸಿದ್ದಾರೆ. ಆದರೂ ಹತ್ತಕ್ಕೆ ನಾವಿಬ್ಬರೂ ಅಲ್ಲಿರುತ್ತೇವೆ.