ಬಸಣ್ಣನ ಬೆನ್ನು

ಗಲ್ಫಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ, ಬಂದರಿನ ಮೇಲಿನ ಸಡಾ ಗುಡ್ಡದ ನಮ್ಮ ತಗಡಿನ ಮನೆಯಲ್ಲಿ ಮೂವರಿದ್ದೆವು: ಗಂಟು ಕಟ್ಟುತ್ತಿದ್ದ ಗಂಗಕ್ಕ, ಅದಕ್ಕೆ ಹುರಿ ಬಿಗಿಯುತ್ತಿದ್ದ ಬಸಣ್ಣ, ಇಬ್ಬರಿಗೂ ತಂಗಿಯಾದ ನಾನು. ಬಗ್ಗಿದಾಗ ಬಸಣ್ಣನ ಕುತ್ತಿಗೆಯ ಕೆಳಗಿನ ಗಡ್ಡೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. ಬಂದರಿನಲ್ಲಿ ಚೀಲ ಹೊತ್ತು ಹೊತ್ತು ಆದದ್ದು, ಲಿಂಬೆಹಣ್ಣಿನಷ್ಟು. ಓಣಿಯ ಹುಡುಗರಿಗೆ ಅದನ್ನು ಮುಟ್ಟಿ ನೋಡುವುದೇ ಒಂದು ಆಟ.

ಚೀಲವಷ್ಟೇ ಅಲ್ಲ, ಕಂಡವರ ತಪ್ಪನ್ನೂ ಹೊರುವ ಚಟ ಅವನಿಗೆ. ಒಮ್ಮೆ ನೀರಿನ ಜಗಳದಲ್ಲಿ ಯಾರೋ ನಲ್ಲಿ ಮುರಿದರು. ಮನೆಯ ಮಾಲೀಕ ಬಂದು ಕೂಗಾಡಿದಾಗ, ಊಟಕ್ಕೆ ಕುಳಿತಿದ್ದ ಬಸಣ್ಣ ಕೈತೊಳೆದು ಹೋಗಿ ತಾನೇ ಮುರಿದೆನೆಂದ. ನಾವು ಬೈದರೆ ಒಂದೇ ಮಾತು: “ಅವರ ಬೆನ್ನು ಸಣ್ಣದೈತಿ. ನಂದಕ್ಕ ರೂಢಿ ಐತಿ.”

“ನಿನ್ನ ಬೆನ್ನೇನು ಬಂದರದ ಧಕ್ಕಿ ಐತೇನೋ, ಬಂದ ಹಡಗಿನ ಮಾಲೆಲ್ಲಾ ಇಳಸಾಕ?” ಎಂದು ಗಂಗಕ್ಕ ರೇಗುತ್ತಿದ್ದಳು.

ತಾಯಿಯಿಲ್ಲದ ನಮ್ಮನ್ನು ಸಾಕಿದವಳು ಅವಳು. ಹುಟ್ಟಿದ ದಿನ ಅವಳಿಗೇ ತಿಳಿಯದು. ಗಲ್ಫಿನಲ್ಲಿ ಕಟ್ಟಡ ಕಟ್ಟುವ ಗೌಂಡಿಯಾಗಿದ್ದ ಕಿರಿಯ ತಮ್ಮ ಸಿದ್ದು ಅಕ್ಕನಿಗೆ ಅರವತ್ತಾಯಿತೆಂದು ತಾನೇ ನಿಶ್ಚಯಿಸಿ ಮೂವರಿಗೂ ಟಿಕೆಟ್ ಕಳಿಸಿದ್ದ. ತೊಂಬತ್ತರ ದಶಕದ ನಡುವಿನ ಮಾತು. ಅವನಿಗೆ ಪಾಯಸ ಮಾಡಿಹಾಕಲೆಂದು ಅಕ್ಕ ಒಂದು ಡಬ್ಬಿ ಗಸಗಸೆ ಗಂಟಿನಲ್ಲಿಟ್ಟಳು. ನಮ್ಮ ಅಡುಗೆಮನೆಯ ಗಸಗಸೆ ಅಲ್ಲಿಯ ಕಾನೂನಿಗೆ ಅಫೀಮಿಗೆ ಸಮ ಎಂದು ನಮಗೇನು ಗೊತ್ತು?

ವಿಮಾನ ಇಳಿದ ಮೇಲೆ ಅಲ್ಲಿಯ ಸಿಪಾಯಿಗಳು ಗಂಟು ಬಿಚ್ಚಿಸಿದರು. ಒಬ್ಬ ಡಬ್ಬಿ ಎತ್ತಿ ಹಿಡಿದು, ಯಾರದೆಂದು ಹಿಂದಿಯಲ್ಲಿ ಕೇಳಿದ. ಪಾಯಸದ ಸಂಗತಿ ಹೇಳಲು ಅಕ್ಕ ನಗುತ್ತ ಮುಂದೆ ಬಂದಳು. ಬಸಣ್ಣ ಮಾತ್ರ ಆ ಸಿಪಾಯಿಯ ಮುಖ ಓದಿದ್ದ. ಅವಳನ್ನು ಹಿಂದೆ ಸರಿಸಿ, “ಮೇರಾ ಹೈ ಸಾಬ್,” ಎಂದ. ಆಮೇಲೆ ನಮ್ಮತ್ತ ತಿರುಗಿ, “ಸುಮ್ನಿರಬೇ ಯಕ್ಕಾ. ಸಿದ್ದೂ ಹೊರಗ ಕಾಯಾಕತ್ತಾನ, ಹೋಗ್ರಿ.”

ಅರವತ್ತರ ಪಾಯಸ ಆಗಲಿಲ್ಲ. ಸಿದ್ದು ಕರೆದೊಯ್ದ ಕಚೇರಿಯಲ್ಲೆಲ್ಲ ಅಕ್ಕ ಡಬ್ಬಿ ತನ್ನದೆಂದು ಅತ್ತು ಹೇಳಿದಳು. ಒಪ್ಪಿಕೊಂಡವನು ಜೈಲಿನೊಳಗಿದ್ದಾನಲ್ಲ ಎಂದರು. ವೀಸಾ ಮುಗಿದು ನಾವಿಬ್ಬರೇ ಮರಳಿದೆವು. ಅಕ್ಕ ಗುಡ್ಡದಂಚಿಗೆ ಕೂತು ಬಂದರಿಗೆ ಬರುವ ಹಡಗುಗಳನ್ನೇ ನೋಡುತ್ತಿದ್ದಳು. ಹೋದದ್ದು ವಿಮಾನದಲ್ಲಾದರೂ ತಮ್ಮ ಹಡಗಿನಲ್ಲೇ ಬರುವನೆಂಬ ಹಟ ಅವಳದು. ಎರಡನೆಯ ಮಳೆಗಾಲ ಅವಳು ದಾಟಲಿಲ್ಲ.

ಬಸಣ್ಣ ಬಿಡುಗಡೆಯಾಗಿ ಬಂದದ್ದು ಅದರ ಮರುವರ್ಷ. ಅಕ್ಕ ಹೋದ ಸುದ್ದಿಯನ್ನು ಸಿದ್ದು ಅವನಿಗೆ ಜೈಲಿನಲ್ಲೇ ಮುಟ್ಟಿಸಿದ್ದ. ಗಡ್ಡೆ ಕರಗಿ, ಅಂಗಿ ಬೆನ್ನ ಮೇಲೆ ಜೋತುಬಿದ್ದಿತ್ತು. ಹೊಸ್ತಿಲಲ್ಲೇ ನಿಂತು ಕೇಳಿದ: “ಅಕ್ಕಗ ಹೆಗಲು ಯಾರು ಕೊಟ್ರು?”

ಬಂದರಿನ ಹಮಾಲರು ಎಂದೆ.

“ಭಾರ ಇದ್ಲೇನು?”

ಇಲ್ಲವೆಂದೆ. ಅವನು ಒಳಗೆ ಬಂದು ಗೋಡೆಗೆ ಬೆನ್ನುಕೊಟ್ಟು ಕುಳಿತ.

ದೀಪಾವಳಿಗೆ ಮೊದಲು ಅವನೂ ತೀರಿಕೊಂಡ. ಅದೇ ಹಮಾಲರು ಬಂದು ಹೊತ್ತುಕೊಂಡು ಗುಡ್ಡ ಇಳಿದರು.